ತಗೊಂಡವರೇ ಬಂದು ಹೇಳಬೇಕು

ಆ ದಿನ ಒಬ್ಬ ಹೆಂಗಸಿಗೆ ಬೈಯೋದಕ್ಕೆಂದೇ ನಾನು ಒಂಬತ್ತು ಕಿಲೋಮೀಟರ್ ಬೈಕ್ ಓಡಿಸಿದೆ. ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ಕನ್ನಡದಲ್ಲಿ ನಾಲ್ಕು, ತೆಲುಗಿನಲ್ಲಿ ಆರು. ನಮ್ಮ ಕಡೆ ಬೈಯೋದಕ್ಕೆ ತೆಲುಗೇ ವಾಸಿ.

ನನ್ನ ಹೆಸರು ಮುನೇಶ್. ನಗರಗೆರೆ ಹೋಬಳಿಯಲ್ಲಿ ಲೈನ್‌ಮ್ಯಾನ್. ಈಗ ಕಾಗದದಲ್ಲಿ ಪವರ್‌ಮ್ಯಾನ್ ಅಂತ ಬರೀತಾರೆ. ಊರಿನವರಿಗೆ ಅದೆಲ್ಲ ಬೇಕಾಗಿಲ್ಲ. ಕರೆಂಟು ಹೋದರೆ ‘ಎಲ್ಲಯ್ಯಾ ಲೈನ್‌ಮ್ಯಾನು’ ಅಂತಲೇ ಕೂಗುತ್ತಾರೆ. ವಯಸ್ಸು ನಲವತ್ತನಾಲ್ಕು. ಓದಿದ್ದು ನಮ್ಮೂರ ಸ್ಕೂಲಿನಲ್ಲಿ, ಎಸ್ಸೆಸ್ಸೆಲ್ಸಿ. ಸಿಟ್ಟು ಜಾಸ್ತಿ. ಮೂರು ಕಡೆ ಹೆಣ್ಣು ನೋಡೋಕೆ ಹೋಗಿ ಮೂರು ಕಡೆಯೂ ಜಗಳ ಮಾಡಿಕೊಂಡು ಬಂದೆ. ನಾಲ್ಕನೇ ಕಡೆಗೆ ನಮ್ಮಮ್ಮ ಅಮ್ಮಾಜಮ್ಮ ನನ್ನನ್ನು ಕರೆದುಕೊಂಡು ಹೋಗಲಿಲ್ಲ, ಮದುವೆ ಮಾತು ಅಲ್ಲಿಗೇ ನಿಂತಿತು.

ಜಗಳದ ವಿಷಯ ಇಷ್ಟು. ನಾವು ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಕ್ಲಿಯರ್ ತಗೊಳ್ಳಬೇಕು. ಎಲ್‌ಸಿ ಅನ್ನುತ್ತೇವೆ. ಅಲ್ಲಿರುವ ಆಪರೇಟರ್ ನಮ್ಮ ಲೈನ್ ಆಫ್ ಮಾಡಿ, ಹೆಸರು, ಫೋನ್ ನಂಬರು, ಟೈಮು, ಎಲ್‌ಸಿ ನಂಬರು ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಯಾರು ತಗೊಂಡರೋ ಅವರೇ ವಾಪಸ್ ಕೊಡಬೇಕು. ಅಲ್ಲೀತನಕ ಮಂತ್ರಿ ಹೇಳಿದರೂ ಲೈನ್ ಆನ್ ಮಾಡುವಂತಿಲ್ಲ, ನಮ್ಮ ಮಾತಲ್ಲಿ ಚಾರ್ಜ್ ಮಾಡುವಂತಿಲ್ಲ.

ಆಷಾಢದ ಗಾಳಿ. ಬೆಳಗ್ಗೆ ಎಲ್‌ಸಿ ತಗೊಂಡು ನಾನು, ಎರ್ರಪ್ಪಣ್ಣ, ಬಯ್ಯಪ್ಪ ಮೂರು ಜನ ಕಂಬ ಹತ್ತಿದೆವು. ಇಳಿಯುವಾಗ ನನ್ನ ಫೋನು ಜೇಬಿನಿಂದ ಜಾರಿ ಕಂಬದ ಬುಡದ ಕೆಸರು ನೀರಿಗೆ ಬಿತ್ತು. ಜೊತೆಗಿದ್ದ ಎರ್ರಪ್ಪಣ್ಣನ ಫೋನಿನಿಂದ ಮಾಡಿದೆ. ಅಷ್ಟರಲ್ಲಿ ಸ್ಟೇಷನ್ನಿನಲ್ಲಿ ಡ್ಯೂಟಿ ಬದಲಾಗಿತ್ತು. ಎತ್ತಿದ್ದು ಹೆಂಗಸಿನ ದನಿ.

“ಮುನೇಶ್ ಮಾತಾಡ್ತಿರೋದು. ಕೆಲಸ ಮುಗೀತು. ಎಲ್‌ಸಿ ರಿಟರ್ನ್. ಚಾರ್ಜ್ ಮಾಡಿ.”

“ಬುಕ್ಕಲ್ಲಿರೋ ನಂಬರ್ ಬೇರೆ. ಇದು ಯಾರ ಫೋನು?”

“ಎರ್ರಪ್ಪಂದು. ನಂದು ನೀರಿಗೆ ಬಿತ್ತು.”

“ನೀವೇ ಮುನೇಶ್ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ನಾನು ಇವತ್ತೇ ಇಲ್ಲಿಗೆ ಬಂದಿರೋದು. ನಿಮ್ಮ ದನಿ ಕೇಳಿಲ್ಲ.”

“ಮುನೇಶ್ ಅಲ್ದೆ ಇನ್ನೇನು, ದೆವ್ವಾನಾ?”

“ಚಾರ್ಜ್ ಮಾಡಿದ್ಮೇಲೆ ಮುನೇಶ್ ದೆವ್ವ ಆಗಬಾರದು ಅಂತಾನೇ ಕೇಳ್ತಿರೋದು. ಬಂದು ಸೈನ್ ಹಾಕಿ. ತಗೊಂಡವರೇ ಬಂದು ಹೇಳಬೇಕು.”

ಟಪ್ ಅಂತ ಇಟ್ಟುಬಿಟ್ಟಳು.

ಇಪ್ಪತ್ತೊಂದು ವರ್ಷ ಸರ್ವೀಸು ನಂದು! ರಸ್ತೆಯಲ್ಲಿ ಆಗಲೇ ನಾಲ್ಕು ಜನ ರೈತರು ನಿಂತು, ಮೋಟರು ಯಾವಾಗ ಓಡೋದು ಅಂತ ನನ್ನ ಮುಖ ನೋಡುತ್ತಿದ್ದರು. ಬೈಕಿಗೆ ಕಿಕ್ ಹೊಡೆದು ಹೊರಟೆ.

ಸ್ಟೇಷನ್ನಿನ ಕೋಣೆಯಲ್ಲಿ ಅವಳೊಬ್ಬಳೇ ಕೂತಿದ್ದಳು. ಮೂಗಿನ ತುದಿಗೆ ಇಳಿದ ಕನ್ನಡಕ, ಜಡೆಯಲ್ಲಿ ಎರಡೇ ಎರಡು ಸೇವಂತಿಗೆ. ಬುಕ್ಕಿನ ಮೇಲೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆಯುತ್ತಿದ್ದಳು. ನಾನು ಟೇಬಲ್ ಗುದ್ದಿದೆ. ಗೆರೆ ಸೊಟ್ಟಗಾಯಿತು.

ಅವಳು ಮೊದಲು ಆ ಗೆರೆ ನೋಡಿದಳು. ಆಮೇಲೆ ನನ್ನನ್ನು.

“ಮುನೇಶ್ ಅಲ್ವಾ? ಫೋನಲ್ಲಿದ್ದ ದನಿ ಇದೇ. ಈಗ ಗೊತ್ತಾಯ್ತು. ಕೂತ್ಕೊಳ್ಳಿ.”

“ಕೂರಲ್ಲ!”

“ನಿಂತೇ ಹೇಳಿ. ಎಷ್ಟು ಜನ ಹತ್ತಿದ್ರಿ?”

“ಮೂರು.”

“ಎಷ್ಟು ಜನ ಇಳಿದ್ರಿ?”

“ಮೂರೇ! ಒಬ್ಬನ್ನ ಮೇಲೆ ಬಿಟ್ಟು ಬರ್ತೀವಾ?”

“ನೀವು ಅಲ್ಲಿಂದ ಹೊರಟು ಎಷ್ಟು ಹೊತ್ತಾಯ್ತು?”

“ಇಪ್ಪತ್ತು ನಿಮಿಷ.”

“ಈ ಇಪ್ಪತ್ತು ನಿಮಿಷದಲ್ಲಿ ಯಾರೂ ಮತ್ತೆ ಹತ್ತಿಲ್ಲ ಅಂತ ನಿಮಗೆ ಗೊತ್ತಾ?”

ಅವಳು ಟೇಬಲ್ಲಿನ ಫೋನನ್ನು ನನ್ನ ಕಡೆ ಸರಿಸಿದಳು. ಎರ್ರಪ್ಪಣ್ಣನ ನಂಬರ್ ಒತ್ತಿದೆ.

“ಬಯ್ಯಪ್ಪ ಕಟಿಂಗ್ ಪ್ಲೇಯರ್ ಮೇಲೇ ಮರೆತಿದ್ದನಂತೆ ಕಣೋ,” ಅಂದ ಎರ್ರಪ್ಪಣ್ಣ. “ನೀನು ಹೋಗಿ ಬರೋದು ಹೊತ್ತಾಗುತ್ತಲ್ಲ ಅಂತ ಈಗ ಹತ್ತಿದಾನೆ. ಯಾಕೆ?”

ಕೂರಲ್ಲ ಅಂದವನು ಕೂತೆ.

ನಾನು ಗುದ್ದಿದ ಆ ಹೊತ್ತಿಗೆ ಅವಳು ಹೆದರಿ ಆನ್ ಮಾಡಿದ್ದರೆ? ಬಯ್ಯಪ್ಪನಿಗೆ ಮೂವತ್ತು ವಯಸ್ಸು. ಸಾಯಂಕಾಲ ಮಗಳ ಹುಟ್ಟಿದ ಹಬ್ಬಕ್ಕೆ ಕೇಕ್ ತರಬೇಕು ಅಂತ ಬೆಳಗ್ಗೆಯಿಂದ ಹೇಳುತ್ತಿದ್ದ.

ಅವಳು ತನ್ನ ಬಾಟಲಿಯ ನೀರು ಲೋಟಕ್ಕೆ ಸುರಿದು ಮುಂದಿಟ್ಟಳು. ನಾನು ಕುಡಿದು ಮುಗಿಸುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದಳು, ನನ್ನ ಮುಖ ಕಾಣದ ಹಾಗೆ. ಆ ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ಐದು ನಿಮಿಷಕ್ಕೆ ಬಯ್ಯಪ್ಪನೇ ಫೋನಿಗೆ ಬಂದ, ಕೆಳಗೆ ನಿಂತು. ನಾನು ಸೈನ್ ಹಾಕಿದೆ. ಅವಳು ಎದ್ದು ಹೋಗಿ ಸ್ವಿಚ್ ತಿರುಗಿಸಿದಳು.

“ಬೈಯೋದಕ್ಕೆ ಬಂದಿದ್ರಿ ಅಲ್ವಾ?” ಅಂದಳು ವಾಪಸ್ ಬಂದು. “ಬೈದು ಹೋಗಿ. ಹೊಟ್ಟೇಲಿ ಇಟ್ಕೋಬೇಡಿ.”

“ಮರೆತೋಯ್ತು.”

“ಎಲ್ಲಾನೂ?”

“ತೆಲುಗಲ್ಲಿದ್ದದ್ದು ಒಂದೆರಡು ನೆನಪಿದೆ.”

ನಕ್ಕಳು. ಕನ್ನಡಕ ಮೂಗಿನಿಂದ ಇನ್ನೂ ಒಂದಿಷ್ಟು ಜಾರಿತು. ಅದನ್ನು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿಕೊಂಡು ಮತ್ತೆ ನಕ್ಕಳು. ಎಣಿಸಿದರೆ ಎರಡು ಸಲ.

*

ಮಾರನೇ ದಿನ ಹೊಸ ಫೋನಿನ ಮೊದಲ ಕರೆ ಸ್ಟೇಷನ್ನಿಗೇ ಹೋಯಿತು. ಕೆಲಸವೇ ಇತ್ತು. ಹುಣಸೆ ಕೊಂಬೆ ತಂತಿ ಮೇಲೆ ಬಿದ್ದಿತ್ತು.

“ಎಲ್‌ಸಿ ಬೇಕಿತ್ತು ಮೇಡಮ್.”

“ಮುನೇಶಾ?”

“ದನಿ ಗುರುತು ಸಿಕ್ತಾ?”

“ನಿನ್ನೆ ಅಷ್ಟು ಕಿರುಚಿದ್ಮೇಲೆ ಇನ್ನೂ ಕಿವೀಲೇ ಇದೆ. ಟೈಮ್ ಹತ್ತು ಹನ್ನೆರಡು, ನಂಬರ್ ಹದಿನೇಳು. ಹುಷಾರಾಗಿ ಹತ್ತಿ.”

ಹುಷಾರಾಗಿ ಹತ್ತಿ ಅನ್ನೋದು ರೂಲ್ಸಿನಲ್ಲಿಲ್ಲ. ಇಷ್ಟು ವರ್ಷದಲ್ಲಿ ಯಾವ ಆಪರೇಟರೂ ಹಾಗೆ ಹೇಳಿರಲಿಲ್ಲ. ನಾನು ಆ ಮಾತನ್ನು ಸೊಂಟಕ್ಕೆ ಬೆಲ್ಟ್ ಜೊತೆ ಕಟ್ಟಿಕೊಂಡು ಹತ್ತಿದೆ.

ಕಂಬದ ಮೇಲೆ ಕೂತು ನೋಡಿದೆ. ನನ್ನ ಕೈಯಲ್ಲಿದ್ದ ತಂತಿ ಮುಸುಕಿನ ಜೋಳದ ಹೊಲ ದಾಟಿ, ಕೆರೆ ಏರಿ ದಾಟಿ, ಒಂಬತ್ತು ಕಿಲೋಮೀಟರ್ ಆಚೆ ಅವಳ ಟೇಬಲ್ಲಿನ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ಅವಳ ಕೈ ಸುಮ್ಮನಿರುವುದರಿಂದ ಇಲ್ಲಿ ನಾನು ಉಸಿರಾಡುತ್ತಿದ್ದೇನೆ. ಇಷ್ಟು ವರ್ಷ ಈ ಕೆಲಸ ಮಾಡಿ ಇದನ್ನು ಒಂದು ಸಲವೂ ಯೋಚಿಸಿರಲಿಲ್ಲ.

ಎರ್ರಪ್ಪಣ್ಣ ಎಲ್ಲ ವಿಚಾರಿಸಿಕೊಂಡು ಬಂದ. ಹೆಸರು ಮಹತಿ. ಮೂವತ್ತೊಂಬತ್ತು ವಯಸ್ಸು. ಮದುವೆಯಾಗಿ ಎರಡೇ ವರ್ಷ ಬಾಳಿದ್ದು, ಕೋರ್ಟಿನಲ್ಲಿ ಬಿಡುಗಡೆಯಾಗಿ ಹತ್ತು ವರ್ಷವಾಗಿದೆ. ಅಪ್ಪ ಸತ್ಯಮೂರ್ತಿಯವರೂ ಆಪರೇಟರ್ ಆಗಿ ರಿಟೈರಾದವರು, ಶಿಡ್ಲಘಟ್ಟದಲ್ಲಿದ್ದಾರೆ. ಇವಳು ಗೌರಿಬಿದನೂರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ.

“ಅವರ ಮನೇಲಿ ಈರುಳ್ಳಿ ಒಳಗೆ ಬರಲ್ವಂತೆ,” ಅಂತಲೂ ಹೇಳಿದ. ನಾನು ಕೇಳಿರಲಿಲ್ಲ.

ಇನ್ನೊಂದು ದಿನ ಅವನೇ ಬೀಡಿ ಹಚ್ಚಿಕೊಂಡು ಅಂದ: “ಅಲ್ಲಯ್ಯಾ, ಆಯಮ್ಮ ನನ್ನ ಎರ್ರಪ್ಪಣ್ಣ ಅಂತಾರೆ. ಬಯ್ಯಪ್ಪನ್ನ ಬಯ್ಯಪ್ಪಣ್ಣ ಅಂತಾರೆ, ಅವನು ಅವರಿಗಿಂತ ಚಿಕ್ಕೋನು. ನಿನ್ನ ಮಾತ್ರ ಬರೀ ಮುನೇಶ್. ಅಣ್ಣ ಎಲ್ಲೋಯ್ತು?”

“ನನಗೇನು ಗೊತ್ತು?”

“ನೀನೂ ಅಷ್ಟೇ. ನಾವೆಲ್ಲ ಅಕ್ಕ ಅಂತೀವಿ. ನೀನು ಮೇಡಮ್ ಅಂತೀಯ.”

“ಮರ್ಯಾದೆ ಕಣಣ್ಣ.”

“ಹೂಂ. ಮರ್ಯಾದೆ,” ಅಂತ ಹೊಗೆ ಬಿಟ್ಟ.

ಆಟ ಶುರುವಾಗಿದ್ದು ಗಣೇಶನ ಹಬ್ಬದ ಹೊತ್ತಿಗೆ. ಎಲ್‌ಸಿ ವಾಪಸ್ ಕೊಟ್ಟ ಮೇಲೆ ಅವಳು ಕೇಳಿದಳು, “ನಿಮ್ಮ ಮನೆ ಎಲ್ಲಿ ಬರುತ್ತೆ?”

“ಪಟೇಲರ ಲೈನ್ ಮನೇಲಿ. ಆರು ಮನೆ ಒಂದೇ ಸಾಲು. ನಮ್ದು ಮೂರನೇದು.”

“ಲೈನ್‌ಮ್ಯಾನು ಇರೋದು ಲೈನ್ ಮನೇಲಿ!”

“ನಿಮ್ದು?”

“ರೈಲ್ವೆ...” ಅಂದು ನಿಲ್ಲಿಸಿ ನಗತೊಡಗಿದಳು. “ರೈಲ್ವೆ ಲೈನ್ ಪಕ್ಕ.”

“ಲೈನ್ ಅನ್ನೋದೊಂದೇ ನನಗೆ ಸರಿಯಾಗಿ ಬರೋ ಇಂಗ್ಲಿಷು,” ಅಂದೆ.

“ಅದೊಂದು ಬಂದ್ರೆ ಸಾಕು. ಪಾಪ, ಎಷ್ಟು ಕಡೆ ದುಡಿಯುತ್ತೆ ನೋಡಿ ಆ ಪದ. ದಿನಕ್ಕೊಂದು ಹೇಳೋಣ. ಒಂದು ಸಲ ಹೇಳಿದ್ದು ಮತ್ತೆ ಹೇಳಂಗಿಲ್ಲ. ಯಾರ ಹತ್ರ ಖಾಲಿ ಆಗುತ್ತೋ ಅವರು ಮಸಾಲೆ ದೋಸೆ ಕೊಡಿಸ್ಬೇಕು.”

ಆಪರೇಟರ್ ಹಾಗೆಲ್ಲ ಜಾಸ್ತಿ ಮಾತಾಡುವಂತಿಲ್ಲ. ಎಲ್‌ಸಿ ವಾಪಸ್ ಆದ ಮೇಲೆ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಆ ಅರ್ಧ ನಿಮಿಷಕ್ಕೆ ನಾನು ಇಡೀ ದಿನ ಪದ ಹುಡುಕಿಕೊಂಡು ಓಡಾಡುತ್ತಿದ್ದೆ.

ನಾನು ರೇಷನ್ ಅಂಗಡಿ ಲೈನ್ ಅಂದೆ. ಅವಳು ಕಾಪಿ ಪುಸ್ತಕ ಅಂದಳು. “ನಾಲ್ಕು ಲೈನಿಂದು. ನನ್ನ ಅಕ್ಷರ ತಿದ್ದಿದ್ದು ಅದರಲ್ಲೇ.”

“ನಂದು ತಿದ್ದಲೇ ಇಲ್ಲ.”

“ಸೈನ್ ನೋಡಿದೀನಿ.”

ವಾಲಿಬಾಲ್ ಕೋರ್ಟಿನ ಲೈನ್ ಅಂತ ನಾನು ಹೇಳಿದಾಗ, “ಲೈನ್ ಮೇಲೆ ಬಿದ್ರೆ ಒಳಗೋ ಹೊರಗೋ?” ಅಂತ ಕೇಳಿದಳು.

“ಒಳಗೆ. ಆದ್ರೂ ಜಗಳ ಆಗುತ್ತೆ.”

“ನೀವು ಆಡ್ತಿದ್ರಿ ಅಂದ್ಮೇಲೆ ಆಗದೇ ಇರುತ್ತಾ?”

ಒಂದು ದಿನ ಲೈನಿಂಗ್ ಅಂದಳು. ರವಿಕೆ ಹೊಲಿಯಲು ಕೊಟ್ಟಿದ್ದಾಳಂತೆ, ಒಳಗೆ ಹಾಕುವ ಬಟ್ಟೆ.

“ನಡೆಯಲ್ಲ ಮೇಡಮ್. ಅದು ಬೇರೆ ಪದ, ಬಾಲ ಇದೆ.”

“ಬಾಲ ಕಟ್ ಮಾಡಿದ್ರೆ ಲೈನೇ ಅಲ್ವಾ?”

ನಾನು ಬೇರೆಯವರ ಜೊತೆಯಾಗಿದ್ದರೆ ಸಂಜೆವರೆಗೂ ಜಗಳವಾಡುತ್ತಿದ್ದೆ. “ಆಯ್ತು ಬಿಡಿ,” ಅಂದೆ. ರವಿಕೆ ಯಾವ ಬಣ್ಣ ಅಂತ ಕೇಳಬೇಕೆನಿಸಿತು. ಕೇಳಲಿಲ್ಲ. ಮೂರು ದಿನ ಬಿಟ್ಟು ಅವರೆಕಾಯಿ ಕೊಡುವ ನೆಪದಲ್ಲಿ ಸ್ಟೇಷನ್ನಿಗೆ ಹೋದಾಗ ಕಂಡಿತು. ಗಿಳಿ ಹಸಿರು.

ಅವತ್ತೇ ಅವಳು ಅಂದಳು, “ಕೈ ತೋರಿಸಿ. ಇವತ್ತಿಂದು ನಂದು ಕೈಯಲ್ಲಿದೆ.”

ಅಂಗೈ ಚಾಚಿದೆ. ಅವಳು ಮುಟ್ಟಲಿಲ್ಲ. ಬೆರಳನ್ನು ಒಂದು ಅಕ್ಕಿ ಕಾಳಿನಷ್ಟು ಮೇಲೆ ಹಿಡಿದು ಗೆರೆಯ ಜಾಡಿನಲ್ಲಿ ನಿಧಾನಕ್ಕೆ ಬಂದಳು. ಅಂಗೈಗೆ ಆ ಬೆರಳಿನ ಬಿಸಿ ಗೊತ್ತಾಗುತ್ತಿತ್ತು.

“ಆಯಸ್ಸಿನ ಲೈನು. ಇಲ್ಲಿ ಕಟ್ ಆಗಿದೆಯಲ್ಲ?”

“ಅದು ಕಟ್ ಅಲ್ಲ. ಬೈಂಡಿಂಗ್ ವೈರ್ ಕುಯ್ದಿದ್ದು.”

“ಹಂಗಾದ್ರೆ ಮುಂದಕ್ಕೆ ಹೋಗುತ್ತೆ,” ಅಂತ ಬೆರಳನ್ನು ಆ ಗಾಯದ ಮೇಲಿಂದ ದಾಟಿಸಿ, ಮಣಿಕಟ್ಟಿನವರೆಗೂ ತಂದು ಬಿಟ್ಟಳು. ಕಣ್ಣೆತ್ತಿ ನೋಡಿದಳು. ನಾನೇ ಮೊದಲು ಕಣ್ಣು ತಗ್ಗಿಸಿದೆ. ನಾನು!

ಸಂಕ್ರಾಂತಿ ಹೊತ್ತಿಗೆ ಇಬ್ಬರ ಚೀಲವೂ ಖಾಲಿಯಾಗುತ್ತಾ ಬಂದಿತ್ತು. ಒಂದು ಉಳಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಹುಡುಗಿಯರಿಗೆ ಹೊಡೆಯುತ್ತಾರಲ್ಲ, ಆ ಲೈನು. ಅದು ಇಬ್ಬರಿಗೂ ಗೊತ್ತಿತ್ತು. ದಾರಿಯಲ್ಲಿ ಮಲಗಿದ ನಾಯಿಯನ್ನು ಬಳಸಿ ಹೋದ ಹಾಗೆ ಇಬ್ಬರೂ ಅದನ್ನು ಬಳಸಿ ಹೋಗುತ್ತಿದ್ದೆವು.

*

ಹಬ್ಬ ಮುಗಿದ ವಾರ ಎರ್ರಪ್ಪಣ್ಣ ಸುದ್ದಿ ತಂದ. ಮಹತಿಗೆ ಶಿಡ್ಲಘಟ್ಟದ ಕಡೆ ಟ್ರಾನ್ಸ್‌ಫರ್. ಶುಕ್ರವಾರ ಇಲ್ಲಿ ಕೊನೆಯ ಡ್ಯೂಟಿ.

ನನಗೆ ತಲೆಗೆ ಏರಿತು. ಫೋನ್ ಮಾಡಿದೆ.

“ಟ್ರಾನ್ಸ್‌ಫರ್ ಅಂತೆ?”

“ಹೂಂ. ಮೂರು ವರ್ಷದ ಹಿಂದೆ ಕೇಳಿದ್ದು, ಈಗ ಬಂತು. ಅಪ್ಪಂಗೆ ಎರಡೂ ಕಣ್ಣಿನ ಆಪರೇಷನ್ ಆಗ್ಬೇಕು.”

“ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?”

“ಅನ್ನಿಸ್ತು,” ಅಂದಳು. “ಯಾರು ಅಂತ ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ನೀವೇ ಹೇಳಿ ಮುನೇಶ್. ನಾನು ನಿಮಗೆ ಏನಾಗ್ಬೇಕು ಅಂತ ಹೇಳ್ಬೇಕಿತ್ತು?”

ಬಾಗಿಲು ತೆಗೆದು ನಿಂತು ಕೇಳಿದ ಹಾಗಿತ್ತು. ಈಗ ಗೊತ್ತಾಗುತ್ತದೆ. ಆಗ ಸಿಟ್ಟಿನಲ್ಲಿ ನನಗೆ ಬಾಗಿಲೂ ಕಾಣಲಿಲ್ಲ, ಗೋಡೆಯೂ ಕಾಣಲಿಲ್ಲ.

“ಆಪರೇಟರ್ ಆಗ್ಬೇಕು, ಇನ್ನೇನು!” ಅಂದುಬಿಟ್ಟೆ.

“ಎಲ್‌ಸಿ ಬೇಕಾ?” ಅಂದಳು.

“ಬೇಡ.”

ಮುಂದಿನ ಮೂರು ದಿನ ನಾನು ಫೋನ್ ಮಾಡಲಿಲ್ಲ. ಬಯ್ಯಪ್ಪನ ಕೈಲಿ ಅವನ ಹೆಸರಿನಲ್ಲೇ ಎಲ್‌ಸಿ ತಗೊಳ್ಳಲು ಹೇಳಿದೆ. ಅವಳಿಗೆ ನನ್ನ ದನಿ ಸಿಗಬಾರದು, ಗೊತ್ತಾಗಲಿ ಅಂತ. ಎಂಥ ಬುದ್ಧಿ ನೋಡಿ. ನನಗೂ ಅವಳ ದನಿ ಸಿಗಲಿಲ್ಲ.

“ಏನಂದ್ರೋ?” ಅಂತ ಬಯ್ಯಪ್ಪನನ್ನು ಕೇಳಿದೆ.

“ಟೈಮು, ನಂಬರು.”

“ಆಮೇಲೆ? ಹುಷಾರಾಗಿ ಹತ್ತಿ ಅನ್ಲಿಲ್ವಾ?”

“ಇಲ್ಲಣ್ಣ, ಇಟ್ಬಿಟ್ರು. ಯಾಕೆ, ನಿಂಗೆ ಹಂಗಂತಾರಾ?” ಅಂತ ಅವನು ನನ್ನನ್ನೇ ನೋಡಿದ. “ನಮಗೆ ಯಾರಿಗೂ ಒಂದು ಸಲಾನೂ ಅಂದಿಲ್ಲಪ್ಪ.”

ನಾನು ಬೆಲ್ಟ್ ಕಟ್ಟಿಕೊಂಡು ಹತ್ತಿದೆ. ಅರ್ಧ ಕಂಬಕ್ಕೆ ಕಾಲು ನಡುಗಿತು.

ಮನೆಯಲ್ಲಿ ಮುದ್ದೆ ಮುರಿಯದೆ ಕೂತಿದ್ದೆ. ಅಮ್ಮ ಸೊಪ್ಪಿನ ಸಾರು ಬಡಿಸುತ್ತಾ ಅಂದಳು, “ಏಮಿರಾ, ಗಿಳಿ ಹಸಿರು ರವಿಕೆಯೋಳು ಊರು ಬಿಡ್ತಾಳಂತೆ?”

“ನಿಂಗ್ಯಾರು ಹೇಳಿದ್ದು?”

“ನೀನೇ. ನಿದ್ದೇಲಿ ಅಲ್ಲ, ಎಚ್ಚರವಾಗೇ ಹೇಳಿದ್ದೆ. ಅವರೆಕಾಯಿ ಕೊಟ್ಟು ಬಂದ ದಿನ, ಅಮ್ಮಾ ಗಿಳಿ ಹಸಿರು ಅಂದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ ಅಂದೆ. ಹುಟ್ಟಿದಾಗಿಂದ ನಿಂಗೆ ಬಣ್ಣ ಕಂಡಿದ್ದು ಅವತ್ತೇ. ರವಿಕೆ ಯಾರ್ದು, ಊರು ಬಿಡೋದು ಯಾವಾಗ ಅಂತ ಎರ್ರಪ್ಪ ಹೇಳಿದ.” ಸಾರಿನ ಸೌಟು ಕೆಳಗಿಟ್ಟಳು. “ಈರುಳ್ಳಿ ತಿಂತಾಳಾ ಅವಳು?”

“ಗೊತ್ತಿಲ್ಲಮ್ಮ.”

“ತಿಂದ್ರೆ ಸಾಕು. ಕೋಳಿ, ಕುರಿ ನೀನು ಹೊರಗೆ ತಿನ್ನು. ಯಾರನ್ನಾದ್ರೂ ಹಿರೀಕರನ್ನ ಕಳಿಸಿ ಕೇಳಿಸು.”

ನಮ್ಮಲ್ಲಿ ಹಾಗೆಯೇ. ಮದುವೆ ಮಾತನ್ನು ಗಂಡು ತಾನೇ ಹೋಗಿ ಕೇಳುವುದಿಲ್ಲ. ನನಗೆ ಸಿಕ್ಕ ಹಿರಿಯ ಎರ್ರಪ್ಪಣ್ಣ. ಅವನು ಇಸ್ತ್ರಿ ಪಂಚೆ ಉಟ್ಟುಕೊಂಡು ಗುರುವಾರ ಸ್ಟೇಷನ್ನಿಗೆ ಹೋದ. ನಾನು ಕೆರೆ ಏರಿಯ ಮೇಲೆ ಕಾದು ಕೂತೆ.

“ಹೇಳಿದ್ಯಾ?”

“ಹೇಳ್ದೆ. ಮುನೇಶಂಗೆ ನಿಮ್ಮನ್ನ ಮದುವೆ ಆಗೋ ಮನಸಿದೆ, ಬಾಯಿ ಕೆಟ್ಟದು, ಮನುಷ್ಯ ಒಳ್ಳೇನು ಅಂದೆ.”

“ಏನಂದ್ರು?”

“ಟೀ ಕೊಟ್ರು.”

“ಆಮೇಲೆ?”

“ಬಿಸ್ಕತ್ತು.”

“ಯೋ ಎರ್ರಪ್ಪಣ್ಣ!”

“ತಡಿಯಯ್ಯಾ. ಆಮೇಲೆ ಅಂದ್ರು, ಎರ್ರಪ್ಪಣ್ಣ, ನಾನು ಬೇರೆಯವರ ಬಾಯಿಂದ ತಗೊಳ್ಳಲ್ಲ ಅಂತ ಅವರಿಗೇ ಗೊತ್ತಲ್ಲ. ನಾಳೆ ಎರಡು ಗಂಟೆಗೆ ನನ್ನ ಡ್ಯೂಟಿ ಮುಗಿಯುತ್ತೆ. ಅಷ್ಟೇ ಅಂದ್ರು.” ಅವನು ಪಂಚೆ ಎತ್ತಿ ಕಟ್ಟಿದ. “ಇಸ್ತ್ರಿ ಮಾಡಿಸಿದ್ದು ವೇಸ್ಟು.”

*

ಶುಕ್ರವಾರ ಒಂದು ಇನ್ಸುಲೇಟರ್ ಬದಲಾಯಿಸುವ ಕೆಲಸವಿತ್ತು. ನಾನೇ ಫೋನ್ ಮಾಡಿದೆ.

“ಎಲ್‌ಸಿ ಬೇಕು.”

ಆ ಕಡೆ ಪೆನ್ನು ಟೇಬಲ್ ಮೇಲೆ ಉರುಳಿದ ಸದ್ದು. “ಯಾರು?”

“ಗೊತ್ತಲ್ಲ.”

“ಹೆಸರು ಹೇಳ್ಬೇಕು. ರೂಲ್ಸು.”

“ಮುನೇಶ್.”

“ಟೈಮ್ ಹನ್ನೊಂದು ಐದು. ನಂಬರ್ ಒಂಬತ್ತು.” ಪೆನ್ನಿನ ಸದ್ದು ನಿಂತಿತು. “ಹುಷಾರಾಗಿ ಹತ್ತಿ.”

ಕಾಲು ನಡುಗಲಿಲ್ಲ.

ಒಂದೂವರೆಗೆ ಮುಗಿಯಿತು. ಫೋನು ಜೇಬಿನಲ್ಲೇ ಇತ್ತು, ಚೆನ್ನಾಗಿಯೇ ಇತ್ತು. ತೆಗೆಯಲಿಲ್ಲ. ಬಯ್ಯಪ್ಪನ ಕೈಯಲ್ಲಿದ್ದ ಪ್ಲೇಯರ್, ಇಬ್ಬರ ಬೆಲ್ಟು, ಏಣಿ ಕಟ್ಟುವ ಹಗ್ಗ ಎಲ್ಲಾ ಕಿತ್ತುಕೊಂಡು ಬೈಕಿಗೆ ಹಾಕಿಕೊಂಡೆ.

“ಯಾಕಣ್ಣ?”

“ಹತ್ತಿದ್ರೆ ಕಾಲು ಮುರೀತೀನಿ. ಕೂತ್ಕೊಂಡಿರು.”

ಅದೇ ಕೋಣೆ. ಅದೇ ಕನ್ನಡಕ. ಗಿಳಿ ಹಸಿರು ರವಿಕೆ. ಬುಕ್ಕಿನ ಮೇಲೆ ಸ್ಕೇಲ್.

“ಎಷ್ಟು ಜನ ಹತ್ತಿದ್ರಿ?”

“ಮೂರು.”

“ಇಳಿದಿದ್ದು?”

“ಮೂರು.”

“ಈ ಇಪ್ಪತ್ತು ನಿಮಿಷದಲ್ಲಿ...”

ಪ್ಲೇಯರು, ಬೆಲ್ಟು, ಹಗ್ಗ ಎಲ್ಲಾ ಅವಳ ಟೇಬಲ್ ಮೇಲೆ ಸುರಿದೆ. ಅವಳು ಅದನ್ನೆಲ್ಲ ನೋಡಿ ತುಟಿ ಕಚ್ಚಿದಳು. ನಗು ತಡೆಯಲಾಗದೆ ಭುಜ ಅಲುಗಿತು. ಆದರೂ ಬಿಡಲಿಲ್ಲ, ಎರ್ರಪ್ಪಣ್ಣನಿಗೆ ಫೋನ್ ಮಾಡಿ ವಿಚಾರಿಸಿಯೇ ಸೈನ್ ಹಾಕಿಸಿಕೊಂಡಳು. ಎದ್ದು ಹೋಗಿ ಸ್ವಿಚ್ ತಿರುಗಿಸಿ ಬಂದು ಕೂತಳು.

“ಇನ್ನೊಂದೇನೋ ಇತ್ತಂತಲ್ಲ,” ಅಂದಳು. ಸ್ಕೇಲ್ ಇಟ್ಟು ಗೆರೆ ಎಳೆಯತೊಡಗಿದಳು, ನನ್ನ ಕಡೆ ನೋಡದೆ.

“ಮೇಡಮ್...”

“ಮೊನ್ನೆ ಆಪರೇಟರ್ ಅಂದ್ರಲ್ಲ, ಮೇಡಮ್ ಅವತ್ತಿಗೇ ಮುಗೀತು.”

“ಮಹತಿ.” ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ನನಗೆ ಸಿಟ್ಟು ಜಾಸ್ತಿ.”

“ಅದು ಹೋಬಳಿಗೇ ಗೊತ್ತು. ಗೊತ್ತಿಲ್ದೇ ಇರೋದು ಹೇಳಿ.”

“ಮೂರು ದಿನ ಬಯ್ಯಪ್ಪನ ಎಲ್‌ಸಿ ಮೇಲೆ ಹತ್ತಿದೆ. ಕಾಲು ನಡುಗ್ತು. ಇಪ್ಪತ್ತೊಂದು ವರ್ಷದಲ್ಲಿ ನಡುಗಿರ್ಲಿಲ್ಲ. ನಾನು ಇಳಿದ್ನಾ ಇಲ್ವಾ ಅಂತ ಕೇಳೋರು ಯಾರೂ ಇಲ್ಲ ಅನ್ನಿಸ್ತು.” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಅವತ್ತು ಏನಾಗ್ಬೇಕು ಅಂತ ಕೇಳಿದ್ರಲ್ಲ. ನನ್ನ ಹೆಂಡ್ತಿ ಆಗ್ಬೇಕು. ಆಗ್ತೀರಾ?”

ಅವಳ ಸ್ಕೇಲ್ ಜಾರಿತು. ಕೆಂಪು ಗೆರೆ ಸೊಟ್ಟಗಾಯಿತು.

“ಇವತ್ತು ಯಾರೂ ಟೇಬಲ್ ಗುದ್ದಿಲ್ಲ,” ಅಂದೆ.

“ಸುಮ್ನಿರಿ.” ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಕನ್ನಡಕ ಇಲ್ಲದ ಕಣ್ಣು ಮೊದಲ ಸಲ ನೋಡಿದೆ. ರೆಪ್ಪೆ ಒದ್ದೆಯಾಗಿತ್ತು. “ಅಮ್ಮಂಗೆ ಹೇಳಿದೀರಾ?”

“ಅವಳೇ ಹೇಳಿದ್ದು. ಈರುಳ್ಳಿ ತಿಂತಾಳಾ ಅಂತ ಕೇಳಿದ್ಲು.”

“ತಿಂತೀನಿ. ನಮ್ಮಪ್ಪಂಗೆ ಹೇಳ್ಬೇಡಿ.” ಆಮೇಲೆ ನೇರ ನೋಡಿ ಅಂದಳು, “ನಾನು ಶಿಡ್ಲಘಟ್ಟಕ್ಕೆ ಹೋಗೇ ಹೋಗ್ತೀನಿ ಮುನೇಶ್. ಅಪ್ಪನ ಕಣ್ಣು ಸರಿ ಹೋಗೋತನಕ ಅಲ್ಲೇ ಇರ್ತೀನಿ. ಅದಕ್ಕೆ ಕಿರುಚಾಡಂಗಿಲ್ಲ.”

“ಹೋಗಿ. ಕಣ್ಣಿಗಿಂತ ದೊಡ್ಡದಾ? ಭಾನುವಾರ ನಾನೇ ಬಂದು ಅವರ ಹತ್ರ ಮಾತಾಡ್ತೀನಿ.”

“ಎಪ್ಪತ್ತು ಕಿಲೋಮೀಟರ್ ಆಗುತ್ತೆ. ಮೊದ್ಲು ಫೋನಲ್ಲಿ ಹೇಳಿ.”

“ಆಗಲ್ಲ. ತಗೊಂಡವರೇ ಬಂದು ಹೇಳಬೇಕು.” ನಿಂತೇ ಇದ್ದೆ. “ನೀವಿನ್ನೂ ಹೂಂ ಅಂದಿಲ್ಲ.”

ಅವಳು ಗೋಡೆಯ ಗಡಿಯಾರ ನೋಡಿದಳು. ಬುಕ್ಕು ಮುಚ್ಚಿದಳು.

“ಟೈಮ್ ಎರಡು ಐದು. ಡ್ಯೂಟಿ ಮುಗೀತು,” ಅಂದಳು. “ಹೂಂ.”

*

ಭಾನುವಾರ ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟ ಸೇರುವಾಗ ಹನ್ನೊಂದು ಗಂಟೆ. ಬಿಳಿ ಶರ್ಟಿನ ಮೇಲೆ ಧೂಳು ಕೂತಿತ್ತು. ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೊತ್ತ ಟೆಂಪೋ ಹಿಂದೆಯೇ ಬಂದಿದ್ದೆ.

ಸತ್ಯಮೂರ್ತಿಯವರು ಕಪ್ಪು ಕನ್ನಡಕ ಹಾಕಿಕೊಂಡು ಈಸಿಚೇರಿನಲ್ಲಿ ಕೂತಿದ್ದರು. ಹಿಂದಿನ ದಿನವೇ ಒಂದು ಕಣ್ಣಿನ ಆಪರೇಷನ್ ಆಗಿತ್ತಂತೆ. ಅಡುಗೆಮನೆ ಬಾಗಿಲಲ್ಲಿ ಅವರ ಹೆಂಡತಿ ವಿಶಾಲಾಕ್ಷಮ್ಮ ನಿಂತಿದ್ದರು, ಒಳಗೂ ಇಲ್ಲ, ಹೊರಗೂ ಇಲ್ಲ. ಮಹತಿ ಅವರ ಭುಜದ ಹಿಂದೆ. ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ನನ್ನ ಶರ್ಟಿನ ಧೂಳನ್ನು ನೋಡಿ ನಗುತ್ತಿತ್ತು.

ನಾನು ಕೂರುವ ಮೊದಲೇ ಹೇಳಿದೆ. “ಸಾರ್, ನಾನು ಮುನೇಶ್. ಲೈನ್‌ಮ್ಯಾನ್. ನಿಮ್ಮ ಮಗಳನ್ನ ಮದುವೆ ಆಗ್ಬೇಕು ಅಂತ ಕೇಳೋಕೆ ಬಂದಿದೀನಿ. ನಮ್ಮ ಮನೆ ಊಟ ಬೇರೆ, ಜನ ಬೇರೆ. ಅದು ನಿಮಗೆ ಗೊತ್ತಿರ್ಲಿ.”

“ಅವರೇ ಬಂದಿದಾರಾ, ಯಾರೂ ಜೊತೆಗಿಲ್ಲದೆ?” ಅಂತ ವಿಶಾಲಾಕ್ಷಮ್ಮ ಮಗಳ ಕಿವಿಯಲ್ಲಿ ಕೇಳಿದ್ದು ನನಗೂ ಕೇಳಿಸಿತು.

ಮುದುಕರು ಈಸಿಚೇರಿನಲ್ಲಿ ನೆಟ್ಟಗೆ ಕೂತರು.

“ಮೂವತ್ನಾಲ್ಕು ವರ್ಷ ಆಪರೇಟರ್ ಆಗಿದ್ದೆ,” ಅಂದರು. “ಒಂದೇ ಒಂದು ಸಲ ಬೇರೆಯವನ ಮಾತು ಕೇಳಿ ಆನ್ ಮಾಡಿದೆ. ಒಬ್ಬನ ಎಡಗೈ ಹೋಯ್ತು. ಬದುಕಿದ. ನಾನು ಆವತ್ತಿಂದ ಸರಿಯಾಗಿ ಊಟ ಮಾಡಿಲ್ಲ. ಮಹತಿಗೆ ನಾನು ಕಲಿಸಿದ್ದು ಅದೊಂದೇ. ನೀವು ಅದೇ ವಿಷಯಕ್ಕೆ ಟೇಬಲ್ ಗುದ್ದಿದ್ರಂತೆ.”

“ಗುದ್ದಿದ್ದೆ ಸಾರ್.”

“ಇವಳ ಮೇಲೆ ನಾಳೆ ಸಿಟ್ಟು ಬಂದ್ರೆ ಏನ್ ಮಾಡ್ತೀರ?”

ಯೋಚಿಸಿದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. “ಬರುತ್ತೆ ಸಾರ್, ಬರಲ್ಲ ಅನ್ನಲ್ಲ. ಬಂದಾಗ ಬೈಕ್ ಹತ್ತಿ ಒಂಬತ್ತು ಕಿಲೋಮೀಟರ್ ಓಡಿಸ್ತೀನಿ. ಆಮೇಲೆ ಇವರ ಮುಂದೆ ನಿಂತ್ಕೊಂಡ್ರೆ ಮರೆತೋಗುತ್ತೆ. ಒಂದು ಸಲ ಹಂಗೇ ಆಗಿದೆ.”

ಮುದುಕರ ಹೊಟ್ಟೆ ಕುಲುಕಿತು. ನಗುತ್ತಿದ್ದರು. ಕೈ ಚಾಚಿ ಗಾಳಿಯಲ್ಲಿ ನನ್ನ ಕೈ ಹುಡುಕಿದರು. ಕೊಟ್ಟೆ. ಬಿಗಿಯಾಗಿ ಹಿಡಿದುಕೊಂಡು ಹೆಬ್ಬೆರಳಿನಿಂದ ಆ ವೈರ್ ಕುಯ್ದ ಗಾಯವನ್ನು ಸವರಿ ನೋಡಿದರು.

“ಕೆಲಸದ ಕೈ,” ಅಂದರು. ಆಮೇಲೆ ದನಿ ಎತ್ತಿ, “ಅಂತೂ ಏಳು ತಿಂಗಳು ಆಫೀಸ್ ಫೋನಲ್ಲೇ ನನ್ನ ಮಗಳಿಗೆ ಲೈನ್ ಹೊಡೆದಿದ್ದೀರಿ ಅನ್ನಿ!”

ನನ್ನ ಕಿವಿ ಬಿಸಿಯಾಯಿತು. ಬಾಗಿಲ ಹಿಂದೆ ಕಿಸಕ್ಕೆಂದ ಸದ್ದು. ಮಹತಿ ಅಮ್ಮನ ಬೆನ್ನಿಗೆ ಮುಖ ಒತ್ತಿ ನಗುತ್ತಿದ್ದಳು, ಅಮ್ಮನ ಸಮೇತ ಅಲುಗಾಡುತ್ತಾ.

“ಏನೇ ಅದು? ನಾನೇನಂದೆ?” ಅಂದರು ಮುದುಕರು.

“ಅಪ್ಪಾ, ಗೆದ್ಬಿಟ್ರಿ,” ಅಂದಳು ಮಹತಿ, ಮುಖ ಎತ್ತದೆ. “ನಾವಿಬ್ರೂ ಸೋತ್ವಿ.”

“ಏನು ಗೆದ್ದೆ?”

“ಮಸಾಲೆ ದೋಸೆ ಸಾರ್,” ಅಂದೆ. “ನಾನು ಒಂದು ಕೊಡಿಸ್ಬೇಕು, ಅವರೊಂದು.”

“ಹೋಟ್ಲಿನ ಪಲ್ಯಕ್ಕೆ ಈರುಳ್ಳಿ ಹಾಕಿರ್ತಾರೆ,” ಅಂತ ವಿಶಾಲಾಕ್ಷಮ್ಮ ಮೊದಲ ಸಲ ಗಟ್ಟಿಯಾಗಿ ಮಾತಾಡಿದರು.

ಸತ್ಯಮೂರ್ತಿಯವರು ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಸರಿಯಾಗಿ ಕೂರಿಸಿಕೊಂಡರು. ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

“ನಂಗೆ ಕಣ್ಣು ಕಾಣಲ್ಲ ಕಣೇ,” ಅಂದರು. “ಏನು ಹಾಕಿರ್ತಾರೋ ನಂಗೇನು ಗೊತ್ತಾಗುತ್ತೆ? ಚಪ್ಪಲಿ ಎಲ್ಲಿದೆ ನೋಡು.”